ಎಫೆಸದ ಸರ್ವಾಯುಧ, ನಮ್ಮೂರಿನ ಪ್ರಾರ್ಥನೆ

ಕೆಲವು ವರ್ಷಗಳಿಂದ ನಮ್ಮ ಉಪವಾಸ ಪ್ರಾರ್ಥನೆಗಳಲ್ಲಿಯೂ ರಾತ್ರಿ ಪ್ರಾರ್ಥನೆಯ ಕೂಟಗಳಲ್ಲಿಯೂ ಕೇಳಿಬರುವ ಮಾತಿನ ಧಾಟಿ ನನ್ನನ್ನು ಬಿಡದೆ ಕಾಡುತ್ತಿದೆ. ಬಂಧಿಸುತ್ತೇವೆ, ಗದರಿಸುತ್ತೇವೆ, ಕೋಟೆಗಳನ್ನು ಕೆಡವುತ್ತೇವೆ, ಈ ಊರನ್ನು ಯೇಸುವಿನ ಹೆಸರಿನಲ್ಲಿ ವಶಪಡಿಸಿಕೊಳ್ಳುತ್ತೇವೆ ಎಂಬ ಮಾತುಗಳು ಪ್ರಾರ್ಥನೆಯ ಬಹುಭಾಗವನ್ನು ಆವರಿಸಿಕೊಂಡಿವೆ. ಬೇಡಿಕೊಳ್ಳುವ, ಪಾಪವನ್ನು ಅರಿಕೆ ಮಾಡುವ, ಇನ್ನೊಬ್ಬರಿಗಾಗಿ ಕಣ್ಣೀರಿಡುವ ಮಾತುಗಳಿಗೆ ಅಷ್ಟಷ್ಟೇ ಜಾಗ ಕಡಿಮೆಯಾಗಿದೆ. ಬೆಳಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪ್ರಾರ್ಥನಾ ವಿಷಯಗಳಲ್ಲಿಯೂ ಪಕ್ಕದ ಹಳ್ಳಿಗಳ ಹೆಸರುಗಳು ಶತ್ರುವಿನ ಹಿಡಿತದಲ್ಲಿರುವ ಸ್ಥಳಗಳ ಪಟ್ಟಿಯಾಗಿ ಬರುತ್ತವೆ. ಆ ಹಳ್ಳಿಗಳಲ್ಲಿ ನನಗೆ ಪರಿಚಯದವರಿದ್ದಾರೆ. ಕೆಲವರ ಮನೆಯಲ್ಲಿ ನಾನು ಊಟ ಮಾಡಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕ್ರೈಸ್ತ ಜೀವಿತವು ಹೋರಾಟವೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ಸೈತಾನನೆಂಬುದು ಹಳೆಯ ಕಾಲದವರು ಮನಸ್ಸಿನ ದೌರ್ಬಲ್ಯಕ್ಕೆ ಇಟ್ಟ ಹೆಸರಷ್ಟೇ ಎಂದು ವಿವರಿಸಿ ಕೈತೊಳೆದುಕೊಳ್ಳುವವರ ಜೊತೆಗೂ ನಾನಿಲ್ಲ. ದೀಕ್ಷಾಸ್ನಾನದ ಹೊತ್ತಿಗೆ ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸುತ್ತೇನೆಂದು ಸಭೆಯ ಮುಂದೆ ನುಡಿಯುವ ಪದ್ಧತಿ ಮೊದಲ ಶತಮಾನಗಳಿಂದ ಬಂದದ್ದು. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕವಂತೂ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುವಾಗ ಮಗುವನ್ನು ಕ್ರಿಸ್ತನ ಸೈನಿಕನೆಂದೇ ಕರೆಯುತ್ತದೆ. ಕುಡಿತದಿಂದ ಬಿಡುಗಡೆ ಹೊಂದಲು ಒಬ್ಬ ಮನುಷ್ಯನು ಪಡುವ ಪಾಡನ್ನು ಹತ್ತಿರದಿಂದ ಕಂಡವರಿಗೆ, ಒಳ್ಳೆಯದನ್ನು ಮಾಡಬೇಕೆಂಬ ಸಂಕಲ್ಪಕ್ಕೆ ಎದುರಾಗಿ ನಿಲ್ಲುವ ಶಕ್ತಿಯೊಂದಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಯುದ್ಧವಿದೆಯೇ ಎಂಬುದು ನನ್ನ ಪ್ರಶ್ನೆಯಲ್ಲ. ಅದು ಎಲ್ಲಿ ನಡೆಯುತ್ತಿದೆ, ಯಾರ ವಿರುದ್ಧ, ಸುವಾರ್ತೆ ಸಾರುವ ಕೆಲಸವು ಆ ಯುದ್ಧದಲ್ಲಿ ಯಾವ ಬಗೆಯ ಕೆಲಸ ಎಂಬುದನ್ನು ಕುರಿತು ಮಾತ್ರ ನಾನು ಬಹಳ ಕಾಲದಿಂದ ಯೋಚಿಸುತ್ತಿದ್ದೇನೆ.

ನಕ್ಷೆಯ ಮೇಲಿನ ಬೀದಿ

ನಮ್ಮ ತಾಲೂಕು ಕೇಂದ್ರದಲ್ಲಿ ನಡೆದ ಒಂದು ರಾತ್ರಿ ಪ್ರಾರ್ಥನೆಗೆ ಬೆಂಗಳೂರಿನಿಂದ ಒಬ್ಬ ಸಹೋದರರು ಬಂದಿದ್ದರು. ಭಕ್ತಿವಂತರು, ಉಪವಾಸದಲ್ಲಿ ನಿಷ್ಠೆಯುಳ್ಳವರು, ಹಣಕ್ಕೆ ಆಸೆಪಡದವರು. ಅವರು ಪಟ್ಟಣದ ದೊಡ್ಡ ನಕ್ಷೆಯೊಂದನ್ನು ಚಾಪೆಯ ಮೇಲೆ ಹಾಸಿದರು. ದೇವಸ್ಥಾನ, ದರ್ಗಾ, ಮಠ, ಸಾರಾಯಿ ಅಂಗಡಿ ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಗುರುತು ಹಾಕಲಾಗಿತ್ತು. ನಾವು ಗುಂಪುಗುಂಪಾಗಿ ಮೊಣಕಾಲೂರಿ, ಒಂದೊಂದು ಬೀದಿಯ ಮೇಲೆ ಕೈಯಿಟ್ಟು, ಆ ಬೀದಿಯನ್ನು ಆಳುತ್ತಿರುವ ದುರಾತ್ಮವನ್ನು ಬಂಧಿಸಬೇಕೆಂದು ಹೇಳಿದರು. ನನ್ನ ಗುಂಪಿಗೆ ಬಂದ ಬೀದಿಯಲ್ಲಿ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರ ಮನೆಯಿತ್ತು. ಅವರು ಲಿಂಗಾಯತರು, ಬೆಳಗ್ಗೆ ಇಷ್ಟಲಿಂಗ ಪೂಜೆ ಮುಗಿಸದೆ ನೀರನ್ನೂ ಮುಟ್ಟದವರು. ಮಗ ಅಪಘಾತದಲ್ಲಿ ತೀರಿಕೊಂಡ ಮೇಲೆ ಒಂದು ಸಂಜೆ ನನ್ನನ್ನು ಕರೆಸಿ, "ನಿಮ್ಮ ಪುಸ್ತಕದಲ್ಲಿ ಮಕ್ಕಳನ್ನೆಲ್ಲ ಕಳಕೊಂಡೋನ ಕಥೆ ಇದೆಯಂತಲ್ಲ, ಅದನ್ನ ಓದಿ ಹೇಳಯ್ಯಾ" ಎಂದು ಕೇಳಿದ್ದರು. ನಾನು ಯೋಬನ ಪುಸ್ತಕವನ್ನು ಓದಿದೆ. ಓದುತ್ತ ಓದುತ್ತ ಮಾತು ಬೆಳೆದು, ತನ್ನ ಸ್ವಂತ ಮಗನನ್ನು ಕೊಟ್ಟ ದೇವರ ವಿಷಯವನ್ನೂ ನಾನು ನಂಬಿರುವ ಹಾಗೆಯೇ ಹೇಳಿದೆ. ಅವರು ಕ್ರೈಸ್ತರಾಗಲಿಲ್ಲ. ಆದರೆ ಅಂದು ಆ ಜಗಲಿಯ ಮೇಲೆ ನಡೆದದ್ದು ಸುವಾರ್ತೆ ಸಾರುವ ಕೆಲಸವೇ ಎಂದು ನಾನು ನಂಬಿದ್ದೇನೆ. ನಕ್ಷೆಯ ಮೇಲೆ ಅವರ ಮನೆ ಕೆಂಪು ಗುರುತಿನ ಅಂಚಿನಲ್ಲಿತ್ತು.

ಮರುದಿನ ಕಾಫಿ ಕುಡಿಯುವಾಗ ಆ ಸಹೋದರರೊಡನೆ ಈ ವಿಷಯವನ್ನು ಮಾತಾಡಿದೆ. "ಬ್ರದರ್, ನಾವು ಮನುಷ್ಯರ ವಿರುದ್ಧ ಪ್ರಾರ್ಥಿಸಲಿಲ್ಲ, ಅವರನ್ನು ಕಟ್ಟಿಹಾಕಿರುವ ಶಕ್ತಿಗಳ ವಿರುದ್ಧ ಪ್ರಾರ್ಥಿಸಿದೆವು" ಎಂದರು. ಉತ್ತರ ಪ್ರಾಮಾಣಿಕವಾದದ್ದು, ಮೇಲುನೋಟಕ್ಕೆ ವೇದಾನುಸಾರವಾದದ್ದು ಕೂಡ. ಆದರೆ ಪ್ರಾರ್ಥನೆಯು ಅದನ್ನು ಮಾಡುವವನ ಕಣ್ಣನ್ನೂ ರೂಪಿಸುತ್ತದೆ. ಆ ರಾತ್ರಿಯಾದ ಮೇಲೆ ನಮ್ಮ ಯೌವನಸ್ಥರು ಕೆಲವರು ಆ ಬೀದಿಯಲ್ಲಿ ನಡೆದುಹೋಗುವಾಗ ಮನೆಗಳನ್ನು ನೋಡುತ್ತಿದ್ದ ರೀತಿಯನ್ನು ನಾನು ಕಂಡಿದ್ದೇನೆ. ಜನರಿಗೂ ಅವರ ಹಿಂದಿರುವ ಶಕ್ತಿಗೂ ನಾವು ಮಾತಿನಲ್ಲಿ ಎಳೆಯುವ ಗೆರೆ ಮನಸ್ಸಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

ಊರುಗಳನ್ನು ಆಳುವ ದುರಾತ್ಮಗಳನ್ನು ಗುರುತಿಸಿ ನಕ್ಷೆ ಮಾಡುವ ಈ ಪದ್ಧತಿ ನಮ್ಮ ಹಿರಿಯರಿಂದ ಬಂದದ್ದಲ್ಲ. 1990ರ ದಶಕದಲ್ಲಿ ಅಮೆರಿಕದ ಪೀಟರ್ ವ್ಯಾಗ್ನರ್ ಮೊದಲಾದವರ ಬೋಧನೆಯ ಮೂಲಕ ಅದು ಲೋಕದಲ್ಲೆಲ್ಲ ಹರಡಿತು. ಅದಕ್ಕೆ ಆಧಾರವಾಗಿ ಸಾಮಾನ್ಯವಾಗಿ ತೋರಿಸುವುದು ದಾನಿಯೇಲನ ಹತ್ತನೆಯ ಅಧ್ಯಾಯವನ್ನು, ಪಾರಸಿಯ ರಾಜ್ಯದ ದಿವ್ಯಪಾಲಕನು ದೇವದೂತನನ್ನು ತಡೆದ ಪ್ರಸಂಗವನ್ನು. ಆ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಕಾಣುವುದು ಬೇರೆ. ದಾನಿಯೇಲನು ಮೂರು ವಾರ ದುಃಖದಲ್ಲಿಯೂ ಪ್ರಾರ್ಥನೆಯಲ್ಲಿಯೂ ಇದ್ದಾಗ ಮೇಲೆ ಅಂಥದ್ದೊಂದು ಹೋರಾಟ ನಡೆಯುತ್ತಿರುವುದು ಅವನಿಗೆ ಗೊತ್ತೇ ಇರಲಿಲ್ಲ. ದೂತನು ಬಂದು ಹೇಳಿದ ಮೇಲೆ ತಿಳಿಯಿತು. ಕಾದಾಡಿದವನು ಮೀಕಾಯೇಲನು. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ದಾನಿಯೇಲನು ಮಾಡುವುದು ಬಾಬೆಲಿನವರ ಪಾಪಗಳ ಪಟ್ಟಿಯನ್ನಲ್ಲ, ತನ್ನದೂ ತನ್ನ ಜನರದೂ ಆದ ಪಾಪಗಳ ಅರಿಕೆಯನ್ನು.

ಎಫೆಸದಲ್ಲಿ ಪೌಲನು

ಸೈತಾನನನ್ನು ಎದುರಿಸಲು ದೇವರು ಕೊಡುವ ಸರ್ವಾಯುಧಗಳನ್ನು ಧರಿಸಿಕೊಳ್ಳಿರಿ ಎನ್ನುವ ಭಾಗವನ್ನು ನಾವು ಅಪೊಸ್ತಲ ಪೌಲನು ಎಫೆಸ ಪಟ್ಟಣದವರಿಗೆ ಬರೆದ ಪತ್ರಿಕೆಯಿಂದ ಕಿತ್ತು ಗೋಡೆಗೆ ತೂಗುಹಾಕುತ್ತೇವೆ. ಅದೇ ಎಫೆಸದಲ್ಲಿ ಪೌಲನು ಹೇಗೆ ಬದುಕಿದನೆಂಬುದನ್ನು ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಲೂಕನು ವಿವರವಾಗಿ ಬರೆದಿದ್ದಾನೆ. ಅರ್ತೆಮೀ ದೇವಿಯ ಗುಡಿ ಅಂದಿನ ಲೋಕದ ಅದ್ಭುತಗಳಲ್ಲಿ ಒಂದೆನಿಸಿತ್ತು. ಮಂತ್ರವಿದ್ಯೆಗೂ ಆ ಪಟ್ಟಣ ಹೆಸರಾಗಿತ್ತು. ಆತ್ಮಿಕ ಯುದ್ಧಕ್ಕೆ ನಕ್ಷೆ ಬೇಕಾಗಿದ್ದರೆ ಎಫೆಸಕ್ಕಿಂತ ತಕ್ಕ ಊರು ಪೌಲನಿಗೆ ಸಿಗುತ್ತಿರಲಿಲ್ಲ. ಅವನು ಮಾಡಿದ್ದು ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ದಿನವೂ ಕುಳಿತು ಜನರೊಡನೆ ವಾದಿಸಿದ್ದು. ತನ್ನ ಕೈಗಳಿಂದಲೇ ದುಡಿದು ತನ್ನ ಮತ್ತು ಜೊತೆಯವರ ಕೊರತೆಗಳನ್ನು ನೀಗಿಸಿಕೊಂಡೆನೆಂದು ಮುಂದೆ ಅಲ್ಲಿಯ ಹಿರಿಯರಿಗೆ ಅವನೇ ನೆನಪಿಸುತ್ತಾನೆ.

ದೆವ್ವ ಬಿಡಿಸಲು ಯೇಸುವಿನ ಹೆಸರನ್ನು ಮಂತ್ರದ ಹಾಗೆ ಬಳಸಲು ಹೋದ ಸ್ಕೇವನ ಏಳು ಮಕ್ಕಳು ದೆವ್ವ ಹಿಡಿದವನಿಂದಲೇ ಹೊಡೆತ ತಿಂದು ಓಡಿಹೋದರು. ಯೇಸುವನ್ನೂ ಪೌಲನನ್ನೂ ಬಲ್ಲೆ, ನೀವು ಯಾರು ಎಂದು ದೆವ್ವವೇ ಕೇಳಿತು. ಆ ಪ್ರಶ್ನೆಯನ್ನು ನಾನು ಭಯದಿಂದ ಓದುತ್ತೇನೆ. ಏಕೆಂದರೆ ಗಟ್ಟಿಯಾಗಿ ಗದರಿಸುವ ನಮ್ಮ ಕೂಟಗಳನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಅದೇ. ಅದಾದ ಮೇಲೆ ಐವತ್ತು ಸಾವಿರ ಬೆಳ್ಳಿ ನಾಣ್ಯಗಳಷ್ಟು ಬೆಲೆಯ ಮಂತ್ರದ ಪುಸ್ತಕಗಳು ಸುಟ್ಟವು. ಸುಟ್ಟವರು ಆ ಪುಸ್ತಕಗಳ ಒಡೆಯರೇ. ನಂಬಿದವರು ತಾವಾಗಿ ತಂದು ತಮ್ಮದನ್ನು ಸುಟ್ಟರು. ಪೌಲನು ಯಾರ ಮನೆಗೂ ನುಗ್ಗಲಿಲ್ಲ, ಯಾರ ಪುಸ್ತಕವನ್ನೂ ಕಸಿದುಕೊಳ್ಳಲಿಲ್ಲ.

ಆ ಅಧ್ಯಾಯದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಕೊನೆಯ ಭಾಗ. ಬೆಳ್ಳಿ ಕೆಲಸದ ದೇಮೇತ್ರಿಯನು ತನ್ನ ಕಸುಬಿಗೆ ಧಕ್ಕೆ ಬಂತೆಂದು ದಂಗೆಯೆಬ್ಬಿಸಿ, ಇಡೀ ಪಟ್ಟಣ ನಾಟಕಶಾಲೆಗೆ ನುಗ್ಗಿ ಎರಡು ಗಂಟೆ ಹೊತ್ತು ಕೂಗಿದ ಮೇಲೆ, ಪಟ್ಟಣದ ಅಧಿಕಾರಿಯೊಬ್ಬನು ಎದ್ದು ನಿಂತು ಜನರನ್ನು ಸಮಾಧಾನಪಡಿಸುತ್ತಾನೆ. ಅವನು ಕ್ರೈಸ್ತನಲ್ಲ. ಈ ಜನರು ದೇವಸ್ಥಾನದಲ್ಲಿ ಕಳ್ಳತನ ಮಾಡಿದವರೂ ಅಲ್ಲ, ನಮ್ಮ ದೇವಿಯನ್ನು ದೂಷಿಸುವವರೂ ಅಲ್ಲ ಎಂದು ಅವನು ಸಾಕ್ಷಿ ಹೇಳುತ್ತಾನೆ. ಕೈಯಿಂದ ಮಾಡಿದವುಗಳು ದೇವರುಗಳಲ್ಲವೆಂದು ಪೌಲನು ಆ ಊರಿನಲ್ಲಿ ವರ್ಷಗಟ್ಟಲೆ ಹೇಳಿದ್ದನು, ದೇಮೇತ್ರಿಯನ ದೂರೇ ಅದು. ತನ್ನ ನಂಬಿಕೆಯಲ್ಲಿ ಅವನು ಒಂದಿಷ್ಟೂ ತಗ್ಗಿಸಲಿಲ್ಲ. ಆದರೂ ಆ ದೇವಿಯನ್ನು ಪೂಜಿಸುವ ಅಧಿಕಾರಿಯೇ ಎದ್ದು, ಇವರು ನಮ್ಮ ದೇವಿಯನ್ನು ಬೈದವರಲ್ಲ ಎಂದು ಹೇಳಬಲ್ಲವನಾಗಿದ್ದನು. ನಮ್ಮ ಸುವಾರ್ತಿಕರ ಬಗ್ಗೆ ನಮ್ಮೂರಿನ ಪಂಚಾಯಿತಿ ಅಧ್ಯಕ್ಷರು ಇಂಥದ್ದೇ ಮಾತು ಹೇಳಬಲ್ಲರೇ?

ಈ ಮಾತು ಬರೆಯುವಾಗ 2008ರ ಸೆಪ್ಟೆಂಬರ್ ನೆನಪಾಗದಿರದು. ಹಿಂದೂ ದೇವತೆಗಳನ್ನು ಹೀನಾಯವಾಗಿ ಚಿತ್ರಿಸಿದ ಪುಸ್ತಕವೊಂದನ್ನು ಹಂಚಲಾಗಿದೆ ಎಂಬ ಆರೋಪವನ್ನು ಮುಂದಿಟ್ಟುಕೊಂಡು, ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿ ನಡೆಯಿತು. ಕರಾವಳಿಯ ಬೇರೆ ಪ್ರಾರ್ಥನಾಲಯಗಳ ಮೇಲೂ ನಡೆಯಿತು. ಲೋಕದ ಸಂಪರ್ಕವನ್ನೇ ಬಿಟ್ಟು ಪ್ರಾರ್ಥನೆಯಲ್ಲಿ ಕಾಲ ಕಳೆಯುವ ಸನ್ಯಾಸಿನಿಯರ ಮಠವದು. ಆ ಹಿಂಸೆಗೆ ಯಾವ ಪುಸ್ತಕವೂ ಸಮರ್ಥನೆಯಾಗದು, ಅದನ್ನು ನಾನು ಯಾವ ಶರತ್ತೂ ಇಲ್ಲದೆ ಹೇಳುತ್ತೇನೆ. ಅದರ ಜೊತೆಗೇ ಹೇಳಬೇಕಾದದ್ದು, ನೆರೆಯವರು ಕೈಮುಗಿಯುವ ದೇವರನ್ನು ಬೈಯುವುದನ್ನು ನಮ್ಮಲ್ಲಿ ಯಾರಾದರೂ ಆತ್ಮಿಕ ಶೌರ್ಯವೆಂದು ತಿಳಿದಿದ್ದರೆ, ಅವರು ಅದನ್ನು ಎಫೆಸದ ಪೌಲನಿಂದ ಕಲಿತಿಲ್ಲ ಎಂಬುದು.

ಸೈತಾನನಿಗೆ ಅವಕಾಶ

ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಸೈತಾನನ ಪ್ರಸ್ತಾಪ ಆರನೆಯ ಅಧ್ಯಾಯದಲ್ಲಿ ಮಾತ್ರವಲ್ಲ, ನಾಲ್ಕನೆಯ ಅಧ್ಯಾಯದಲ್ಲಿಯೂ ಇದೆ. ಸೂರ್ಯನು ಮುಳುಗುವುದಕ್ಕಿಂತ ಮುಂಚೆ ನಿಮ್ಮ ಸಿಟ್ಟು ತೀರಲಿ, "ಸೈತಾನನಿಗೆ ಅವಕಾಶ ಕೊಡಬೇಡಿರಿ" ಎಂದು ಪೌಲನು ಬರೆಯುತ್ತಾನೆ. ಅರ್ತೆಮೀಯ ಗುಡಿಯಿದ್ದ ಪಟ್ಟಣದ ವಿಶ್ವಾಸಿಗಳಿಗೆ, ಸೈತಾನನು ಒಳಬರುವ ಬಾಗಿಲು ಇದು ಎಂದು ಅಪೊಸ್ತಲನು ಬೆರಳಿಟ್ಟು ತೋರಿಸಿದ್ದು ಅವರ ಮನೆಗಳಲ್ಲಿಯೂ ಸಭೆಯಲ್ಲಿಯೂ ರಾತ್ರಿಯಿಡೀ ಉಳಿದುಹೋಗುವ ಸಿಟ್ಟನ್ನು.

ಇದನ್ನು ವ್ಯಾಖ್ಯಾನಗಳ ಸಹಾಯವಿಲ್ಲದೆ ಬಲ್ಲವರೊಬ್ಬರು ನಮ್ಮ ಸಭೆಯಲ್ಲಿದ್ದರು. ಎಲ್ಲರೂ ಅವರನ್ನು ಬೈಬಲ್ ವುಮನ್ ಅಮ್ಮ ಎಂದೇ ಕರೆಯುತ್ತಿದ್ದರು. ಬಿಳಿ ಸೀರೆ, ಬಟ್ಟೆಯ ಚೀಲ, ಅದರಲ್ಲಿ ಹೊಸ ಒಡಂಬಡಿಕೆಯೂ ಗೀತೆಗಳ ಪುಸ್ತಕವೂ ಎಲೆಯಡಿಕೆಯ ಪೊಟ್ಟಣವೂ. ವಾರಕ್ಕೆರಡು ದಿನ ಸುತ್ತಲಿನ ಹಳ್ಳಿಗಳಿಗೆ ನಡೆದುಹೋಗಿ, ಹೆಂಗಸರು ಅವರೆಕಾಯಿ ಸುಲಿಯುವಲ್ಲಿಯೋ ರಾಗಿ ಹಸನು ಮಾಡುವಲ್ಲಿಯೋ ತಾವೂ ಕುಳಿತು ಕೈಜೋಡಿಸಿ, ಅವರ ಕಷ್ಟಗಳನ್ನು ಕೇಳಿ, ಕೊನೆಗೆ ಯೇಸು ಹೇಳಿದ ಒಂದು ಸಾಮ್ಯವನ್ನು, ಎಂದರೆ ದೃಷ್ಟಾಂತಕಥೆಯನ್ನು, ಹೇಳಿ ಪ್ರಾರ್ಥಿಸಿ ಬರುತ್ತಿದ್ದರು. ನಾನು ಹುಡುಗನಾಗಿದ್ದಾಗ ಒಂದು ಬೆಳಗ್ಗೆ ಅವರ ಚೀಲ ಹಿಡಿದುಕೊಂಡು ಜೊತೆಗೆ ಹೊರಟಿದ್ದೆ. ಊರಾಚೆಯ ಕೆರೆಯ ಏರಿಯವರೆಗೂ ಹೋದವರು ಅಲ್ಲಿ ನಿಂತರು. ಹಿಂದಿನ ರಾತ್ರಿ ಸೊಸೆಯೊಡನೆ ಜಗಳವಾಗಿತ್ತಂತೆ. ತಿರುಗಿ ಮನೆಗೆ ಹೋದರು. ಸೊಸೆ ಒಲೆಯ ಮುಂದಿದ್ದಳು. ಅಮ್ಮ ಅವಳ ಪಕ್ಕದಲ್ಲಿ ಕುಳಿತು, "ತಪ್ಪು ನಂದೂ ಐತೆ ಕಣವ್ವ" ಎಂದರು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅತ್ತಳು. ಅಷ್ಟಾಗುವಾಗ ಬಿಸಿಲೇರಿ ಅಂದಿನ ಹಳ್ಳಿಯ ಭೇಟಿ ತಪ್ಪಿಹೋಯಿತು. ನಾನು ಬೇಸರಪಟ್ಟದ್ದನ್ನು ಕಂಡು ಅವರು ಹೇಳಿದ್ದು: "ಮನೇಲಿ ಮುನಿಸು ಇಟ್ಕೊಂಡು ಊರೋರಿಗೆ ಸಮಾಧಾನದ ಸುವಾರ್ತೆ ಹೇಳಾಕೆ ಹೋದ್ರೆ, ನನಗಿಂತ ಮುಂಚೆ ಸೈತಾನ ಅಲ್ಲಿಗೆ ಹೋಗಿ ಕುಂತಿರ್ತಾನೆ ಮಗ."

ಸಮಾಧಾನದ ಸುವಾರ್ತೆ ಎಂಬ ಮಾತು ಅವರಿಗೆ ಸರ್ವಾಯುಧಗಳ ಪಟ್ಟಿಯಿಂದಲೇ ಬಂದದ್ದು. ಸತ್ಯವೆಂಬ ನಡುಕಟ್ಟು, ನೀತಿಯೆಂಬ ವಜ್ರಕವಚ, ನಂಬಿಕೆಯೆಂಬ ಗುರಾಣಿ, ರಕ್ಷಣೆಯೆಂಬ ಶಿರಸ್ತ್ರಾಣ ಇವೆಲ್ಲದರ ನಡುವೆ ಕಾಲಿಗೆ ಮೆಟ್ಟಿಕೊಳ್ಳಬೇಕಾದದ್ದು ಸಮಾಧಾನದ ಸುವಾರ್ತೆಯನ್ನು ತಿಳಿಸುವ ಸಿದ್ಧಮನಸ್ಸು. ಇನ್ನೊಬ್ಬರ ಮನೆಬಾಗಿಲಿಗೆ ನಮ್ಮನ್ನು ಕರೆದೊಯ್ಯುವ ಭಾಗ ಇಡೀ ಪಟ್ಟಿಯಲ್ಲಿ ಇದೊಂದೇ. ಉಳಿದವುಗಳ ಬಗ್ಗೆ ಪೌಲನು ಮತ್ತೆ ಮತ್ತೆ ಹೇಳುವುದು ನಿಲ್ಲಿರಿ, ಎದುರಿಸಿ ನಿಲ್ಲಿರಿ ಎಂದು. ಈ ಕವಚವೂ ಶಿರಸ್ತ್ರಾಣವೂ ಪೌಲನು ಹೊಸದಾಗಿ ಊಹಿಸಿದವಲ್ಲ. ಯೆಶಾಯನ ಐವತ್ತೊಂಬತ್ತನೆಯ ಅಧ್ಯಾಯದಲ್ಲಿ, ದೇಶದಲ್ಲಿ ನ್ಯಾಯವಿಲ್ಲವೆಂದು ನೊಂದು ಸ್ವತಃ ಯೆಹೋವನೇ ನೀತಿಯನ್ನು ಕವಚವಾಗಿಯೂ ರಕ್ಷಣೆಯನ್ನು ಶಿರಸ್ತ್ರಾಣವಾಗಿಯೂ ಧರಿಸಿಕೊಳ್ಳುತ್ತಾನೆ. ನಮಗೆ ತೊಡಿಸಿರುವುದು ಆತನ ಉಡುಪು. ಅದನ್ನು ತೊಟ್ಟುಕೊಂಡು ಆತನು ಮಾಡದ ಕೆಲಸವನ್ನು ನಾವು ಮಾಡಲಾಗದು.

ಅದೇ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಯೆಹೂದ್ಯರಿಗೂ ಅನ್ಯಜನರಿಗೂ ನಡುವೆ ಇದ್ದ ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿದನೆಂದಿದೆ. ಕೆಡವಬೇಕಾದ ಕೋಟೆಗಳ ಬಗ್ಗೆ ಇಷ್ಟು ಮಾತಾಡುವ ನಾವು ಆ ಗೋಡೆಯನ್ನು ನಮ್ಮೊಳಗೆ ಮತ್ತೆ ಕಟ್ಟಿಕೊಂಡಿದ್ದೇವೆ. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಭೇದವನ್ನು ಸಂಪೂರ್ಣವಾಗಿ ಬಿಡಬೇಕೆಂದು ಬಿಷಪ್ ಡೇನಿಯಲ್ ವಿಲ್ಸನ್ ಆಜ್ಞಾಪತ್ರ ಹೊರಡಿಸಿದ್ದು 1833ರಲ್ಲಿ. ಇಂದಿಗೂ ನಮ್ಮ ಸಭೆಗಳಲ್ಲಿ ಹೆಣ್ಣು ಗಂಡು ನೋಡುವಾಗ, ಕಮಿಟಿ ಚುನಾವಣೆ ನಡೆಯುವಾಗ ಯಾವ ಪ್ರಶ್ನೆ ಮೊದಲು ಬರುತ್ತದೆಂಬುದು ಓದುಗರಿಗೆ ಗೊತ್ತು. ರಾತ್ರಿಯಿಡೀ ಊರಿನ ಮೇಲಿನ ದುರಾತ್ಮಗಳನ್ನು ಗದರಿಸಿ, ಬೆಳಗ್ಗೆ ದಲಿತ ಸಹೋದರನ ಮನೆಯಲ್ಲಿ ಊಟಕ್ಕೆ ಹಿಂಜರಿಯುವ ಕುಟುಂಬವನ್ನು ನಾನು ಬಲ್ಲೆ. ರಾಜತ್ವಗಳೂ ಅಧಿಕಾರಗಳೂ ಎಂದು ಪೌಲನು ಆ ಪತ್ರಿಕೆಯಲ್ಲಿ ಕರೆದ ದುಷ್ಟಶಕ್ತಿಗಳಲ್ಲಿ ಜಾತಿಯನ್ನು ನಾನು ಸೇರಿಸುತ್ತೇನೆ. ಅದು ಯಾವ ಒಬ್ಬ ಮನುಷ್ಯನಿಗಿಂತಲೂ ದೊಡ್ಡದು, ಒಳ್ಳೆಯವರ ಕೈಯಿಂದಲೂ ಕೆಟ್ಟದ್ದನ್ನು ಮಾಡಿಸುವಂಥದ್ದು, ಮತ್ತು ದೀಕ್ಷಾಸ್ನಾನದ ನೀರಿನಿಂದಲೂ ಅದು ತಾನಾಗಿ ತೊಳೆದುಹೋಗುವುದಿಲ್ಲ.

1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸುವಾರ್ತಾ ಸೇವೆಯ ಬಗ್ಗೆ ಸೇರಿದ್ದ ದೊಡ್ಡ ಸಮ್ಮೇಳನದ ಒಡಂಬಡಿಕೆಯಲ್ಲಿ ಆತ್ಮಿಕ ಹೋರಾಟವೆಂಬ ತಲೆಬರಹದ ಒಂದು ಭಾಗವಿದೆ. ಅದು ದುಷ್ಟಶಕ್ತಿಗಳೊಡನೆ ನಾವು ಸದಾ ಹೋರಾಟದಲ್ಲಿದ್ದೇವೆಂದು ಆರಂಭವಾಗುತ್ತದೆ. ಮುಂದುವರಿದು, ಸುವಾರ್ತೆಗೆ ಜನರು ಬೇಗ ಓಗೊಡಲೆಂದು ನಾವು ಸಂದೇಶವನ್ನು ಸಡಿಲಿಸಿದ್ದೇವೆ, ಕೇಳುಗರ ಮೇಲೆ ಒತ್ತಡ ಹೇರಿದ್ದೇವೆ, ಅಂಕಿಅಂಶಗಳಿಗೆ ಮಿತಿಮೀರಿ ಅಂಟಿಕೊಂಡು ಕೆಲವೊಮ್ಮೆ ಅವುಗಳ ಬಳಕೆಯಲ್ಲಿ ಅಪ್ರಾಮಾಣಿಕರೂ ಆಗಿದ್ದೇವೆ ಎಂದು ಒಪ್ಪಿಕೊಳ್ಳುತ್ತದೆ. ಸೈತಾನನ ಕೆಲಸದ ಬಗ್ಗೆ ಬರೆಯಲು ಕುಳಿತವರು ಸುವಾರ್ತಿಕರ ವರದಿಗಳಲ್ಲಿನ ಸುಳ್ಳು ಲೆಕ್ಕವನ್ನು ಅಲ್ಲಿಯೇ ಹೆಸರಿಸಿದರು. ಸತ್ಯವೆಂಬ ನಡುಕಟ್ಟು ಮೊದಲನೆಯದಾಗಿ ಬರುವುದು ಸುಮ್ಮನೆ ಅಲ್ಲ.

ಸ್ನೇಹಿತರನ್ನು ಕೊಡಿ

ಊರನ್ನು ಹಿಡಿಯಬೇಕಾದ ಕೋಟೆಯೆಂದು ಕಾಣುವವನಿಗೆ ಆ ಊರಿನ ಹಾಡು, ಕಥೆ, ಗಾದೆಗಳನ್ನು ಕೇಳುವ ತಾಳ್ಮೆ ಇರುವುದಿಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಜನರು ಕ್ರಿಸ್ತನ ಬಳಿಗೆ ಬರಬೇಕೆಂದೇ 1836ರಲ್ಲಿ ಇಲ್ಲಿಗೆ ಬಂದವರು, ಅದನ್ನು ಎಂದೂ ಮುಚ್ಚಿಡಲಿಲ್ಲ. ಅದೇ ಮನುಷ್ಯ 1843ರಲ್ಲಿ ಮಂಗಳೂರ ಸಮಾಚಾರ ಎಂಬ ಕನ್ನಡ ಪತ್ರಿಕೆಯನ್ನು ಆರಂಭಿಸಿದರು, ದಾಸರ ಪದಗಳನ್ನೂ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಅಂದಿನ ಮಿಷನರಿಗಳ ಕರಪತ್ರಗಳಲ್ಲಿ ಇಲ್ಲಿಯ ಧರ್ಮಗಳ ಬಗ್ಗೆ ಕಟುವಾದ ಮಾತುಗಳೂ ಇದ್ದವು, ಅವುಗಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮೋಗ್ಲಿಂಗರ ಆ ಓದಿನ ಶ್ರಮವನ್ನು ಯುದ್ಧದ ಭಾಷೆಯಿಂದ ವಿವರಿಸಲು ನನಗೆ ಸಾಧ್ಯವಾಗುತ್ತಿಲ್ಲ.

1910ರಲ್ಲಿ ಎಡಿನ್‌ಬರೊದಲ್ಲಿ ಮಿಷನ್ ಸಂಸ್ಥೆಗಳ ಜಾಗತಿಕ ಸಮ್ಮೇಳನ ಸೇರಿದಾಗ, ಈ ತಲೆಮಾರಿನಲ್ಲಿಯೇ ಇಡೀ ಲೋಕಕ್ಕೆ ಸುವಾರ್ತೆ ಎಂಬ ಘೋಷಣೆಯ ಉತ್ಸಾಹ ಎಲ್ಲೆಡೆ ತುಂಬಿತ್ತು. ಅಲ್ಲಿ ತಿರುನೆಲ್ವೇಲಿ ಕಡೆಯಿಂದ ಬಂದ ವಿ. ಎಸ್. ಅಜರಯ್ಯನವರು ಎದ್ದು ನಿಂತು, ವಿದೇಶದ ಸೇವಕರು ಆಸ್ತಿಯನ್ನು ಬಡವರಿಗೆ ಕೊಟ್ಟಿದ್ದಾರೆ, ದೇಹವನ್ನು ಬೆಂಕಿಗೂ ಒಪ್ಪಿಸಿದ್ದಾರೆ, ಆದರೆ ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಎಂದರು. ಎರಡು ವರ್ಷಗಳ ನಂತರ ಅವರು ದೋರ್ನಕಲ್‌ನ ಬಿಷಪರಾದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರು. ಅಂದು ಅವರು ಬಿಳಿಯರಿಂದ ಕೇಳಿದ್ದನ್ನೇ ಇಂದು ನಮ್ಮ ನೆರೆಯವರು ನಮ್ಮಿಂದ ಕೇಳುವ ಹಕ್ಕುಳ್ಳವರು.

ಯುವ ಸುವಾರ್ತಿಕರೊಬ್ಬರ ಮುಂದೆ ಇದನ್ನೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. "ಅಂಕಲ್, ನೀವು ಹೇಳೋದು ಕೇಳಿದ್ರೆ ಆತುರವೇ ಹೋಗಿಬಿಡುತ್ತೆ. ಜನ ನಾಶವಾಗ್ತಿರುವಾಗ ಸ್ನೇಹ ಬೆಳೆಸ್ತಾ ಕೂರೋಕಾಗುತ್ತಾ?" ಎಂದು ಕೇಳಿದರು. ಅವರ ಆತುರವನ್ನು ನಾನು ಗೌರವಿಸುತ್ತೇನೆ, ಅದು ನಮ್ಮ ಸಭೆಗಳಲ್ಲಿ ಅಪರೂಪವಾಗುತ್ತಿರುವ ಗುಣ. ಅವರಿಗೆ ನಾನು ಗ್ಲಾಡಿಸ್ ಸ್ಟೇನ್ಸ್ ಅವರನ್ನು ನೆನಪಿಸಿದೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಅವರ ಪತಿ ಗ್ರಹಾಂ ಸ್ಟೇನ್ಸ್ ಅವರನ್ನೂ ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ ವಾಹನದೊಳಗೆ ಮಲಗಿದ್ದಂತೆಯೇ ಸುಟ್ಟು ಕೊಲ್ಲಲಾಯಿತು. ಆ ತಾಯಿ ಕೊಂದವರನ್ನು ಕ್ಷಮಿಸಿದ್ದೇನೆಂದು ಹೇಳಿ, ಬಾರಿಪದಾದ ಕುಷ್ಠರೋಗಿಗಳ ಸೇವೆಯನ್ನು ವರ್ಷಗಟ್ಟಲೆ ಮುಂದುವರಿಸಿದರು. ದ್ವೇಷವು ದ್ವೇಷವನ್ನು ಹುಟ್ಟಿಸಬೇಕೆಂಬುದೇ ಕೆಡುಕನ ಯೋಜನೆಯಾಗಿದ್ದರೆ, ಆ ಯೋಜನೆ ಅವರ ಮನೆಬಾಗಿಲಲ್ಲಿ ಸೋತುಹೋಯಿತು. ಆ ಯುವಕ ಸುಮ್ಮನಿದ್ದು, ಕ್ಷಮಿಸಿದ ಮೇಲೂ ಸಾರಬೇಕಲ್ಲವೇ ಎಂದು ಕೇಳಿದರು. ಸಾರಲೇಬೇಕು ಎಂದೆ. ಅದರಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಸಾರುವ ಬಗೆಯ ವಿಷಯದಲ್ಲಿ ನನಗೆ ದಾರಿ ತೋರಿಸುವುದು ಸರ್ವಾಯುಧಗಳ ಪಟ್ಟಿ ಮುಗಿದ ಮೇಲೆ ಬರುವ ಎರಡು ವಚನಗಳು. ಅಲ್ಲಿ ಪೌಲನು ತನಗಾಗಿ ಪ್ರಾರ್ಥಿಸಿರೆಂದು ಎಫೆಸದವರನ್ನು ಬೇಡಿಕೊಳ್ಳುತ್ತಾನೆ. ಅವನು ಸೆರೆಯಲ್ಲಿದ್ದಾನೆ. ಬೇಡಿಗಳು ಕಳಚಲಿ ಎಂದಾಗಲಿ, ತನ್ನನ್ನು ಕಾಯುವ ಸೈನಿಕನು ಬಿದ್ದುಹೋಗಲಿ ಎಂದಾಗಲಿ ಕೇಳುವುದಿಲ್ಲ. ಬಾಯಿ ತೆರೆದಾಗ ತಕ್ಕ ಮಾತು ದೊರಕಲಿ, ಧೈರ್ಯದಿಂದ ಸುವಾರ್ತೆಯ ಮರ್ಮವನ್ನು ತಿಳಿಸುವಂತಾಗಲಿ ಎಂದು ಕೇಳುತ್ತಾನೆ. ಇಷ್ಟು ಆಯುಧಗಳನ್ನು ಹೆಸರಿಸಿದ ಮೇಲೆ ಅವನು ತನ್ನನ್ನು ಸೇನಾಪತಿಯೆಂದು ಕರೆದುಕೊಳ್ಳದೆ, ಬೇಡಿಬಿದ್ದ ರಾಯಭಾರಿಯೆಂದು ಕರೆದುಕೊಳ್ಳುತ್ತಾನೆ. ರಾಯಭಾರಿಯು ಇನ್ನೊಬ್ಬರ ನಾಡಿನಲ್ಲಿ ಅವರ ಭಾಷೆಯನ್ನು ಕಲಿತು, ಅವರ ಮರ್ಯಾದೆಯನ್ನು ಕಾಯ್ದು, ತನ್ನನ್ನು ಕಳುಹಿಸಿದ ಅರಸನ ಸಂಧಾನದ ಮಾತನ್ನು ಕೂಡಿಸದೆ ಕಳೆಯದೆ ತಿಳಿಸುವವನು. ಕೇಳಿದವರು ಒಪ್ಪದೆ ಹೋದರೂ ಅವನು ಮತ್ತೆ ಅದೇ ಬಾಗಿಲಿಗೆ ಹೋಗಬಲ್ಲವನಾಗಿರಬೇಕು. ನಮ್ಮ ಬುಧವಾರದ ಪ್ರಾರ್ಥನಾ ಗುಂಪಿನಲ್ಲಿ ಈಗ ಬೀದಿಗಳ ಹೆಸರಿನ ಬದಲು ಆ ಬೀದಿಗಳಲ್ಲಿರುವ ಪರಿಚಯದವರ ಹೆಸರುಗಳನ್ನು ಹೇಳಿ, ಅವರವರ ಕಾಯಿಲೆ, ಸಾಲ, ಮಕ್ಕಳ ಪರೀಕ್ಷೆ, ಮನಸ್ತಾಪಗಳಿಗಾಗಿ ಬೇಡಿಕೊಳ್ಳುತ್ತೇವೆ. ಅವರು ಯೇಸುವನ್ನು ಅರಿಯಲಿ ಎಂದೂ ಬೇಡಿಕೊಳ್ಳುತ್ತೇವೆ. ಮೇಷ್ಟ್ರ ಹೆಸರೂ ಅದರಲ್ಲಿದೆ. ಇದು ಅವರಿಗೂ ಗೊತ್ತು, ಏಕೆಂದರೆ ಅವರನ್ನು ಕೇಳಿಯೇ ಸೇರಿಸಿದ್ದೇವೆ.